ಒಳಗೇ ಹುಟ್ಟಿದ ಮಂಚ

ಸಂಡೂರು ತಾಲ್ಲೂಕಿನ ಹೋಬಳಿ ಊರು ಚೋರನೂರು. ಅಲ್ಲಿಯ ಈ ಮಾಳಿಗೆ ಮನೆಯ ಹೊಸ್ತಿಲು ದಾಟಬೇಕಾದರೆ ತಲೆ ಬಗ್ಗಿಸಲೇಬೇಕು. ಬಾಗಿಲಿನ ಎತ್ತರ 5 ಅಡಿ, ಅಗಲ ಎರಡೂವರೆ. ಒಳಗಿನ ಪಡಸಾಲೆಯಲ್ಲಿ ತೇಗದ ಮಂಚವೊಂದಿದೆ: ಆರೂವರೆ ಅಡಿ ಉದ್ದ, 4 ಅಡಿ ಅಗಲ, ಮೊಳದೆತ್ತರದ ಕಾಲುಗಳು, ತಲೆಯ ಕಡೆ 3 ಅಡಿ ಎತ್ತರದ ಹಲಗೆ. ಬಾಗಿಲನ್ನೊಮ್ಮೆ, ಮಂಚವನ್ನೊಮ್ಮೆ ನೋಡಿ, ಇದು ಒಳಗೆ ಬಂದದ್ದಾದರೂ ಹೇಗೆ ಎಂದು ಕೇಳಿದೆ.

“ಬಂದಿಲ್ಲಪ್ಪ, ಒಳಗೇ ಹುಟ್ಟೈತಿ” ಎಂದರು ಮನೆಯ ಅಜ್ಜಿ.

ಬಡಿಗೇರರು ಮನೆಗೇ ಬಂದು, ಇದೇ ಪಡಸಾಲೆಯಲ್ಲಿ ಕೂತು ಕೆತ್ತಿ ಜೋಡಿಸಿದ ಮಂಚವಂತೆ. ನನಗೆ ಹಂಪಿಯ ಕಡಲೆಕಾಳು ಗಣೇಶ ನೆನಪಾದ. ಸುಮಾರು ನಾಲ್ಕೂವರೆ ಮೀಟರ್ ಎತ್ತರದ ಆ ಮೂರ್ತಿಯನ್ನು ಯಾರೂ ಹೊತ್ತು ತರಲಿಲ್ಲ. ಬಂಡೆ ಇದ್ದಲ್ಲೇ ಕಡೆದು, ಆಮೇಲೆ ಸುತ್ತ ಗರ್ಭಗುಡಿ ಕಟ್ಟಿದರು.

ಆದರೆ ಮಂಚ ಈಗ ಊರು ಬಿಡಬೇಕಾಗಿದೆ. ಮಗ ಹೊಸಪೇಟೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಮೂರನೆಯ ಮಹಡಿಯ ಮನೆ ಹಿಡಿದಿದ್ದಾನೆ. ಅಜ್ಜಿಯದು ಒಂದೇ ಷರತ್ತು: ಮಂಚ ಬಂದರೆ ತಾನೂ ಬರುವುದು. ಹಿಂದಿನ ವಾರವೇ ಅವನು ಟೇಪು ಹಿಡಿದು ಲಿಫ್ಟಿನ ಮುಂದೆ ನಿಂತು, ಬರೆದುಕೊಂಡು ಬಂದ ಚೀಟಿ ಅವನ ಜೇಬಿನಲ್ಲಿತ್ತು. ಅದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಸಾಮಾನು ಲಾರಿಯಿಂದ ಇಳಿದ ಮೇಲೆ ಅಳೆಯುವವರೇ ಹೆಚ್ಚು.

ಚೀಟಿಯಲ್ಲಿ ಮೊದಲು ಇದ್ದದ್ದು ಬಾಗಿಲು: ಪೂರ್ತಿ ತೆರೆದಾಗ 80 ಸೆಂಟಿಮೀಟರ್ ಅಗಲ, 200 ಸೆಂಟಿಮೀಟರ್ ಎತ್ತರ. ಆಮೇಲೆ ಒಳಗಿನ ಪೆಟ್ಟಿಗೆ: 130 ಅಗಲ, 110 ಆಳ. ಎಂಟು ಜನರ ಲಿಫ್ಟಿಗೆ ಭಾರತೀಯ ಮಾನಕ ಹೇಳುವ ಅಳತೆಯೂ ಇದೇ. ಒಳಗೆ ನಿಂತು ಸುತ್ತ ಕಣ್ಣಾಡಿಸಿದವರಿಗೆ ಜಾಗ ಬೇಕಾದಷ್ಟು ಕಾಣುತ್ತದೆ. ಎಡವುವುದು ಇಲ್ಲಿಯೇ. ಸಾಮಾನು ಮೊದಲು ಬಾಗಿಲಿಗೆ ಉತ್ತರ ಕೊಡಬೇಕು, ಆಮೇಲೆ ಪೆಟ್ಟಿಗೆಗೆ. 130ಕ್ಕೂ 80ಕ್ಕೂ ಇರುವ ಅಂತರದಲ್ಲೇ ಸೋಫಾಗಳು ಸಿಕ್ಕಿಕೊಳ್ಳುವುದು. ಒಳಗೆ ಕೈಹಿಡಿಯುವ ಕಂಬಿ ಇದ್ದರೆ ಅದು ತಿನ್ನುವ ಜಾಗವನ್ನೂ ಕಳೆಯಬೇಕು. ಲಿಫ್ಟಿನ ಎದುರಿಗೆ ಗೋಡೆ ಎಷ್ಟು ದೂರ, ಉದ್ದದ ಸಾಮಾನು ತಿರುಗಲು ಜಾಗವಿದೆಯೇ ಎಂಬುದನ್ನೂ ನೋಡಬೇಕು. ಇದನ್ನೆಲ್ಲ ಅವನು ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ತೋರಿಸಿದ.

ಮನೆಯಲ್ಲೊಂದು ಉಕ್ಕಿನ ಬೀರು ಕೂಡ ಇದೆ, 78 ಇಂಚು ಎತ್ತರ, 36 ಅಗಲ, 19 ಆಳ. ಮದುವೆಯಲ್ಲಿ ಬಂದದ್ದು. 5 ಅಡಿಯ ಬಾಗಿಲಲ್ಲಿ ಅದನ್ನು ಮಲಗಿಸಿ ತಂದಿದ್ದರಂತೆ. ಒಳಗೆ ಎತ್ತಿ ನಿಲ್ಲಿಸುವಾಗ ತೊಲೆಗೆ ತಾಗಿ ನಿಂತುಬಿಟ್ಟಿತು; ತೊಲೆ ಇಲ್ಲದ ಅಂಕಣ ಹುಡುಕಿ ಅಲ್ಲಿ ಎತ್ತಿದರು. ಅದಕ್ಕೊಂದು ಲೆಕ್ಕವಿದೆ. ಮಲಗಿದ ಬೀರು ಏಳುವಾಗ ಅದರ ಮೂಲೆಯಿಂದ ಮೂಲೆಗಿನ ಅಳತೆ ತಲೆಯ ಮೇಲೆ ಹಾದುಹೋಗುತ್ತದೆ. 78 ಇಂಚಿನ ಬೀರು ಎದ್ದು ನಿಲ್ಲುವ ದಾರಿಯಲ್ಲಿ 80 ಇಂಚಿಗೂ ಚೂರು ಮೇಲೆ ಹೋಗಿ, ಮತ್ತೆ 78ಕ್ಕೆ ಇಳಿಯುತ್ತದೆ. ಈ ಎರಡು ಇಂಚು ಕಣ್ಣಿಗೆ ಕಾಣುವುದಿಲ್ಲ, ತಾಗಿದ ಮೇಲೆ ಗೊತ್ತಾಗುತ್ತದೆ.

ಮಂಚ ಬಿಚ್ಚಲು ಬಂದ ಬಡಿಗೇರರು ಸುತ್ತಿಗೆ ಎತ್ತುವ ಮೊದಲು ಸುಣ್ಣದ ಕಡ್ಡಿಯಲ್ಲಿ ಪ್ರತಿ ಸಂದಿಗೂ ಗುರುತು ಹಾಕಿದರು: ಒಂದು ಗೆರೆ, ಎರಡು ಗೆರೆ, ಮೂರು. ಈ ಮಂಚದಲ್ಲಿ ಒಂದೂ ಮೊಳೆಯಿಲ್ಲ. ಕೂಡಿಸಿದ ಕಡೆಯೆಲ್ಲ ಮರದ ಬೆಣೆ. ಕೆಳಗಿನಿಂದ ಮೆಲ್ಲಗೆ ಬಡಿದರು. ಬೆಣೆಗಳು ಒಂದೊಂದಾಗಿ ಸಡಿಲಾದವು. ಅಜ್ಜಿ ಅವನ್ನು ಎಣಿಸಿ ಎಣಿಸಿ ಸೆರಗಿಗೆ ಕಟ್ಟಿಕೊಂಡರು.

“ಅವ್ವ, ಚೀಲದಾಗ ಹಾಕ್ತೀನಿ ಕೊಡು” ಎಂದ ಮಗ.

“ಬ್ಯಾಡ, ನನ್ ಹತ್ರನೇ ಇರ್ಲಿ.”

ಹೊಸಪೇಟೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಲಿಫ್ಟಿನ ಒಳಗಿನ ಫಲಕದಲ್ಲಿ 8 ಜನ, 544 ಕೆಜಿ ಎಂದು ಬರೆದಿತ್ತು. ತಲೆಗೆ 68 ಕೆಜಿ ಲೆಕ್ಕ. ಬೀರುವಿನೊಳಗಿನ ಪಾತ್ರೆ, ಸೀರೆ ಎಲ್ಲ ತೆಗೆದು ಬೇರೆ ಸಾಗಿಸಿದರು. ಬೀರು ನಿಂತರೆ 198 ಸೆಂಟಿಮೀಟರ್, ಬಾಗಿಲು 200. ಹೊತ್ತು ಒಯ್ದರೆ ಮೇಲೆ ತಾಗುವುದು ಖಂಡಿತ. ಕೆಳಗೆ ಗೋಣಿಚೀಲ ಹಾಸಿ, ನಿಂತ ಬೀರುವನ್ನು 19 ಇಂಚಿನ ಮಗ್ಗುಲು ಮುಂದಾಗಿ ಎಳೆದರು. ಬಾಗಿಲು ಮುಚ್ಚದಂತೆ ಒಬ್ಬರು ಗುಂಡಿ ಒತ್ತಿ ಹಿಡಿದಿದ್ದರು. ಕಲ್ಲು, ಕಟ್ಟಿಗೆ ಅಡ್ಡ ಇಟ್ಟು ಲಿಫ್ಟಿನ ಬಾಗಿಲು ತಡೆಯುವ ಪದ್ಧತಿ ಎಷ್ಟೋ ಕಡೆ ಇದೆ; ಬಾಗಿಲು ಕೆಡುವುದೂ ಅದರಿಂದಲೇ. ಇಲ್ಲಿ ಯಾರೂ ಹಾಗೆ ಮಾಡಲಿಲ್ಲ.

ಮಂಚದ ತಲೆಹಲಗೆ 122 ಸೆಂಟಿಮೀಟರ್ ಅಗಲ, 91 ಎತ್ತರ. ಅದನ್ನು ಅಡ್ಡ ತಿರುಗಿಸಿ ನಿಲ್ಲಿಸಿದಾಗ ಬಾಗಿಲಿಗೆ ಸಿಕ್ಕಿದ್ದು ಹಲಗೆಯ ದಪ್ಪ ಮಾತ್ರ. 110ರ ಆಳದಲ್ಲಿ 91 ಸಲೀಸಾಗಿ ಕೂತಿತು. ಉದ್ದದ ಪಟ್ಟಿಗಳು ಮೂಲೆಗೆ ಒರಗಿದವು. ಅಂಗಡಿಯಲ್ಲಿ ನೋಡಿಟ್ಟಿದ್ದ 7 ಅಡಿಯ ಒಂದೇ ತುಂಡಿನ ಸೋಫಾ ಮಾತ್ರ ಈ ಚೀಟಿಯ ದೆಸೆಯಿಂದ ಅಂಗಡಿಯಲ್ಲೇ ಉಳಿದಿದೆ: ಮಲಗಿಸಲು ಪೆಟ್ಟಿಗೆ ಸಾಲದು, ನಿಲ್ಲಿಸಲು ಬಾಗಿಲು ಸಾಲದು.

ಮೂರನೆಯ ಮಹಡಿಯಲ್ಲಿ ಬಡಿಗೇರರು ಗೆರೆಗೆ ಗೆರೆ ಕೂಡಿಸಿದರು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಬೆಣೆಗಳನ್ನು ಒಂದೊಂದಾಗಿ ಕೈಗೆ ಕೊಡುತ್ತ ಹೋದರು.