ಒಂದೇ ಜಾಗಕ್ಕೆ ಇಬ್ಬರು: ‘ಬ್ರಯನ್ಸ್ ಸಾಂಗ್’

ಒಂದೇ ಜಾಗಕ್ಕೆ ಇಬ್ಬರು ಪೈಪೋಟಿ ನಡೆಸುವಾಗ ಅವರ ನಡುವೆ ಸ್ನೇಹ ಉಳಿಯುತ್ತದೆಯೇ? ಅಮೆರಿಕದ ಎಬಿಸಿ ಟೆಲಿವಿಷನ್‌ನಲ್ಲಿ 1971ರ ನವೆಂಬರ್ 30ರಂದು ಪ್ರಸಾರವಾದ ‘ಬ್ರಯನ್ಸ್ ಸಾಂಗ್’ ಈ ಪ್ರಶ್ನೆಯನ್ನೇ ಕೇಳುವ ಚಿತ್ರ. ಕಟ್ಟಿದ ಕಥೆಯಲ್ಲ, ನಡೆದದ್ದು. ಆಟಗಾರ ಗೇಲ್ ಸೇಯರ್ಸ್‌ನ ‘ಐ ಆಮ್ ಥರ್ಡ್’ ಎಂಬ ಪುಸ್ತಕದಿಂದ ತೆಗೆದುಕೊಂಡದ್ದು.

ಸೇಯರ್ಸ್ ಮತ್ತು ಬ್ರಯನ್ ಪಿಕೊಲೊ ಚಿಕಾಗೋ ಬೇರ್ಸ್ ಎಂಬ ಫುಟ್‌ಬಾಲ್ ತಂಡದವರು. ಅಲ್ಲಿನ ಫುಟ್‌ಬಾಲ್ ನಮ್ಮದರಂತಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಅಡ್ಡ ಬಂದವರನ್ನು ತಪ್ಪಿಸಿ ಓಡಬೇಕು. ಇಬ್ಬರದೂ ಈ ಓಡುವ ಕೆಲಸವೇ. ಸೇಯರ್ಸ್ ಕಪ್ಪು ಜನಾಂಗದವನು, ಮಾತು ಕಡಿಮೆ. ಪಿಕೊಲೊ ಬಿಳಿಯ, ಮಾತಿನ ಮಲ್ಲ. 1967ರಲ್ಲಿ ಇಬ್ಬರನ್ನೂ ಒಂದೇ ರೂಮಿಗೆ ಹಾಕಿದರು. ಆ ತಂಡದಲ್ಲಿ ಕಪ್ಪು, ಬಿಳಿ ಆಟಗಾರರು ಹೀಗೆ ಜೊತೆಗಿದ್ದದ್ದು ಅದೇ ಮೊದಲು.

1968ರಲ್ಲಿ ಸೇಯರ್ಸ್‌ನ ಮೊಣಕಾಲಿಗೆ ದೊಡ್ಡ ಪೆಟ್ಟಾಗಿ ಆಪರೇಷನ್ ಆಯಿತು. ಅವನ ಜಾಗಕ್ಕೆ ಪಿಕೊಲೊ ಬಂದ. ಬದಲಿ ಆಟಗಾರನಿಗೆ ಇದಕ್ಕಿಂತ ಅದೃಷ್ಟ ಬೇಕೇ? ಆದರೆ ಚಿತ್ರದ ಪಿಕೊಲೊ ಗೆಳೆಯನನ್ನು ರೇಗಿಸಿ, ಕೆಣಕಿ, ಮತ್ತೆ ಓಡುವಂತೆ ಮಾಡುತ್ತಾನೆ. ಕುಂಟುವವನನ್ನು ಹಿಂದೆ ಹಾಕಿ ಪಡೆದ ಜಾಗ ತನಗೆ ಬೇಡ ಅಂತ ಅವನ ಹಟ. 1969ರಲ್ಲಿ ಸೇಯರ್ಸ್ 1,032 ಗಜ ಓಡಿ ಇಡೀ ಲೀಗಿಗೇ ಮೊದಲಿಗನಾದ.

ಅದೇ ವರ್ಷದ ನವೆಂಬರಿನಲ್ಲಿ ಪಿಕೊಲೊನ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಇರುವುದು ಗೊತ್ತಾಯಿತು. 1970ರ ಮೇ ತಿಂಗಳಲ್ಲಿ ಸೇಯರ್ಸ್‌ಗೆ ಅತ್ಯಂತ ಧೈರ್ಯವಂತ ಆಟಗಾರನೆಂಬ ಪ್ರಶಸ್ತಿ ಬಂತು. ಇದು ಸೇರಬೇಕಾದ್ದು ಪಿಕೊಲೊಗೆ ಅಂತ ಅವನು ಸಭೆಯಲ್ಲೇ ಹೇಳಿಬಿಟ್ಟ. ಜೂನ್ 16ರಂದು ಪಿಕೊಲೊ ತೀರಿಕೊಂಡ. ವಯಸ್ಸು 26, ಮೂವರು ಪುಟ್ಟ ಹೆಣ್ಣುಮಕ್ಕಳು.

ಚಿತ್ರ ನೋಡಿದವರು ಅಳುವುದು ಯಾಕೆ? ಸಾವನ್ನು ಬಚ್ಚಿಟ್ಟು ಕೊನೆಗೆ ಬೆಚ್ಚಿಬೀಳಿಸುವ ಉಪಾಯ ಇದರಲ್ಲಿಲ್ಲ. ಇದು ಸಾವಿನಲ್ಲಿ ಮುಗಿಯುವ ಕಥೆಯೆಂದು ಮೊದಲಿಗೇ ಸೂಚನೆ ಸಿಗುತ್ತದೆ. ಅದೇ 1971ರಲ್ಲಿ ನಮ್ಮ ಮುಂಬಯಿಯಲ್ಲಿ ತಯಾರಾದ ಹೃಷಿಕೇಶ್ ಮುಖರ್ಜಿಯವರ ‘ಆನಂದ್’ ಕೂಡ ಹಾಗೆಯೇ ಶುರುವಾಗುತ್ತದಲ್ಲ? ಎರಡರಲ್ಲೂ ನಗಿಸುವವನು ಸಾಯುವವನೇ. ‘ಬ್ರಯನ್ಸ್ ಸಾಂಗ್’ನಲ್ಲಿ ಕಾಯಿಲೆಗಿಂತ ಮೊದಲು ತಮಾಷೆ, ಓಟ, ಕೀಟಲೆ ಸಾಕಷ್ಟಿದೆ. ಕಾಯಿಲೆ ಬರುವ ಹೊತ್ತಿಗೆ ಜೇಮ್ಸ್ ಕಾನ್‌ನ ಪಿಕೊಲೊ, ಬಿಲ್ಲಿ ಡೀ ವಿಲಿಯಮ್ಸ್‌ನ ಸೇಯರ್ಸ್ ಇಬ್ಬರೂ ನಮ್ಮ ಪಕ್ಕದ ರೂಮಿನವರೇ ಆಗಿಬಿಟ್ಟಿರುತ್ತಾರೆ.

1978ರಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್ ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಪಿಕೊಲೊಗೆ ಬಂದಂಥ ಜಾತಿಯ ಕ್ಯಾನ್ಸರಿನ ಹೆಚ್ಚಿನ ರೋಗಿಗಳು ಈಗ ಗುಣವಾಗುತ್ತಾರೆ. ಅವನಿಗೆ ಆ ಕಾಲ ಒದಗಲಿಲ್ಲ. ಸೇಯರ್ಸ್ 77 ವರ್ಷ ಬದುಕಿ 2020ರಲ್ಲಿ ತೀರಿಕೊಂಡ.

ಒಬ್ಬನ ಲಾಭ ಇನ್ನೊಬ್ಬನ ನಷ್ಟ ಎನ್ನುವುದು ನಮ್ಮ ಕಾಮರ್ಸ್‌ನವರ ಲೆಕ್ಕ. ಪಿಕೊಲೊ ಅದನ್ನು ಒಪ್ಪಲಿಲ್ಲ. ಮಿತ್ರರೇ, ಪರೀಕ್ಷೆ ಹತ್ತಿರ ಬಂತು. ಮೊದಲ ರ‍್ಯಾಂಕಿಗೆ ನಿಮ್ಮ ಜೊತೆ ಪೈಪೋಟಿ ನಡೆಸುವವನೇ ಬಂದು ನೋಟ್ಸ್ ಕೇಳಿದರೆ ಏನು ಮಾಡುತ್ತೀರಿ?