ಟ್ರ್ಯಾಕ್ಟರಿನ ಮುಂದಿನ ಅಚ್ಚು ಬದಲಿಸಿದ ಮೇಲೆ ಎತ್ತರ ಮತ್ತು ಚಕ್ರಗಳ ನೇರ ನೋಡುವ ಕ್ರಮ

ಹೆಡತಲೆಯ ಸುತ್ತಮುತ್ತ, ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ನಾಲಾ ಬಯಲಿನಲ್ಲಿ ಟ್ರ್ಯಾಕ್ಟರಿಗೆ ಎರಡು ಬಗೆಯ ದುಡಿತವಿದೆ. ನಾಟಿ ಕಾಲದಲ್ಲಿ ಗದ್ದೆಯ ಕೆಸರು ಉಳುಮೆ; ಕಟಾವಿನ ಕಾಲದಲ್ಲಿ ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಸಾಗಣೆ. ಕೆಸರು ನೀರು ಕಿಂಗ್ ಪಿನ್ನಿನ ಬುಷ್‌ಗಳಿಗೆ ಇಳಿದು ಅವನ್ನು ಸವೆಸುತ್ತದೆ. ಚಕ್ರ ಬದುವಿಗೆ ಬಡಿದು ಮುಂದಿನ ಅಚ್ಚು ಬಾಗುವುದೂ ಉಂಟು. ಹೊಸ ಅಚ್ಚು ದುಬಾರಿಯೆಂದು ಬೇರೊಂದು ಹಳೆಯ ಟ್ರ್ಯಾಕ್ಟರಿನಿಂದ ಬಿಚ್ಚಿದ್ದನ್ನು ತಂದು ಹಾಕಿಸುವವರು ಹಲವರು.

ಹಾಗೆ ಹಾಕಿಸಿದ ಮೇಲೆ ಬಾನೆಟ್ ಮೊದಲಿಗಿಂತ ಎದ್ದಂತೆ ಕಾಣಬಹುದು. ಸ್ಟೇರಿಂಗ್ ಒಂದು ಕಡೆಗೆ ಎಳೆಯಬಹುದು. ಹೊಸ ಟೈರಿನ ಒಂದೇ ಅಂಚು ಬೇಗ ಸವೆಯಬಹುದು. ತುಂಬಿದ ಟ್ರೈಲರಿನೊಡನೆ ನಾಲೆಯ ಏರಿಯ ಮೇಲೆ ಹೋಗುವಾಗ ಸ್ಟೇರಿಂಗ್ ಮಾತು ಕೇಳದಿದ್ದರೆ ಹೋಗುವುದು ಟೈರ್ ಮಾತ್ರವಲ್ಲ, ಜೀವವೂ ಹೌದು. ಆದ್ದರಿಂದ ಕೆಳಗಿನ ಕ್ರಮದಲ್ಲಿ ಒಂದೊಂದಾಗಿ ನೋಡಿರಿ. ಅನೇಕರು ಮೊದಲೇ ಟೈ ರಾಡ್ ತಿರುಗಿಸಲು ಹೊರಡುತ್ತಾರೆ. ಅದು ಕಡೆಯ ಕೆಲಸ, ಮೊದಲನೆಯದಲ್ಲ.

ಬಾನೆಟ್ ಓರೆಯಾಗಿದೆಯೇ?

ಲಾರಿಯ ಮುಂದಿನ ಅಚ್ಚಿಗೆ ಪಟ್ಟೆ ಸ್ಪ್ರಿಂಗುಗಳಿರುತ್ತವೆ. ಸಾಮಾನ್ಯ ಟ್ರ್ಯಾಕ್ಟರಿಗೆ ಅವಿಲ್ಲ. ಅದರ ಮುಂದಿನ ಅಚ್ಚು ನಡುವಿನ ಒಂದೇ ಪಿನ್ನಿನ ಮೇಲೆ ತಕ್ಕಡಿಯ ದಂಡದಂತೆ ತೂಗುತ್ತದೆ. ಒಂದು ಚಕ್ರ ಗುಂಡಿಗೆ ಇಳಿದರೂ ಮೈ ವಾಲದಿರಲೆಂದೇ ಈ ಏರ್ಪಾಡು. ಆದ್ದರಿಂದ ಮಟ್ಟಸ ನೆಲದಲ್ಲಿ ಬಾನೆಟ್ ಎಡಕ್ಕೋ ಬಲಕ್ಕೋ ವಾಲಿದ್ದರೆ ತಪ್ಪನ್ನು ಮುಂದಿನ ಅಚ್ಚಿನಲ್ಲಿ ಹುಡುಕಬೇಡಿ. ಹಿಂದಿನ ಎರಡು ಟೈರುಗಳ ಗಾಳಿ, ಅಳತೆ ಮತ್ತು ಸವೆತ ಸಮವಾಗಿವೆಯೇ ನೋಡಿರಿ.

ಬಾನೆಟ್ ನೇರವಾಗಿದ್ದು ಅಚ್ಚು ಮಾತ್ರ ಓರೆಯಾಗಿದ್ದರೆ ಕಾರಣ ಅಚ್ಚಿನಲ್ಲೇ ಇದೆ. ಎರಡು ಕಡೆಯ ಟೈರ್ ಒಂದೇ ಅಳತೆಯದೇ, ಸ್ಪಿಂಡಲುಗಳ ಉದ್ದ ಒಂದೇ ಇದೆಯೇ, ಹಿಗ್ಗಿಸುವ ಅಚ್ಚಾದರೆ ಎರಡು ಕಡೆಯೂ ಒಂದೇ ಎಣಿಕೆಯ ತೂತಿಗೆ ಬೋಲ್ಟು ಬಿದ್ದಿದೆಯೇ ಪರೀಕ್ಷಿಸಿರಿ.

ಮೂತಿ ಎದ್ದಿದೆಯೇ, ಇಳಿದಿದೆಯೇ?

ಹಳೆಯ ಅಚ್ಚು ಬಿಚ್ಚುವ ಮುನ್ನವೇ ನೆಲದಿಂದ ನಡುವಿನ ಪಿನ್ನಿಗೆ ಇರುವ ಎತ್ತರವನ್ನು ಅಳೆದು ಬರೆದಿಟ್ಟುಕೊಳ್ಳುವುದು ಜಾಣತನ. ಬೇರೆ ಮಾದರಿಯ ಅಚ್ಚಿನ ಕಮಾನು ಅಥವಾ ಸ್ಪಿಂಡಲಿನ ಉದ್ದ ಬೇರೆಯಾಗಿದ್ದರೆ ಈ ಎತ್ತರ ಬದಲಾಗುತ್ತದೆ.

ಇದರಿಂದ ಏನಾಯಿತು ಎನ್ನಬೇಡಿ. ಕಿಂಗ್ ಪಿನ್ನಿನ ತಲೆ ತುಸು ಹಿಂದಕ್ಕೆ ಬಾಗಿರುತ್ತದೆ. ಇದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಸಾಮಾನ್ಯವಾಗಿ 2ರಿಂದ 5 ಡಿಗ್ರಿ. ಚಕ್ರ ತಾನಾಗಿ ನೇರಕ್ಕೆ ಮರಳಲು ಈ ಬಾಗು ಬೇಕು. ಎರಡು ಅಚ್ಚುಗಳ ನಡುವೆ 190 ಸೆಂ.ಮೀ. ಇರುವ ಟ್ರ್ಯಾಕ್ಟರಿನಲ್ಲಿ ಮೂತಿ 3.3 ಸೆಂ.ಮೀ. ಇಳಿದರೆ ಈ ಕೋನ 1 ಡಿಗ್ರಿ ಕಡಿಮೆಯಾಗುತ್ತದೆ. ಅಷ್ಟೇ ಏರಿದರೆ 1 ಡಿಗ್ರಿ ಹೆಚ್ಚುತ್ತದೆ. ಕಡಿಮೆಯಾದರೆ ರಸ್ತೆಯಲ್ಲಿ ಮುಂದಿನ ಚಕ್ರ ಅತ್ತಿತ್ತ ಅಲೆಯುತ್ತದೆ. ಹೆಚ್ಚಾದರೆ ಸ್ಟೇರಿಂಗ್ ಭಾರವಾಗುತ್ತದೆ.

ಟ್ರೈಲರ್ ಕಟ್ಟಿದಾಗ ಮಾತ್ರ ಮೂತಿ ಏಳುತ್ತಿದ್ದರೆ ಅದು ಅಚ್ಚಿನ ದೋಷವಲ್ಲ, ಹೊರೆಯ ದೋಷ. ಹಿಂಭಾರವಾದ ಎತ್ತಿನ ಗಾಡಿಯ ಮೂಕಿ ಏಳುವುದನ್ನು ನೀವು ಕಂಡಿದ್ದೀರಿ, ಇಲ್ಲಿಯೂ ಹಾಗೆಯೇ. ಟ್ರ್ಯಾಕ್ಟರಿನ ತೂಕದಲ್ಲಿ ಐದನೇ ಒಂದು ಭಾಗವಾದರೂ ಮುಂದಿನ ಚಕ್ರಗಳ ಮೇಲಿರಬೇಕು. ಹೊರೆ ಇಳಿಸಿರಿ, ಮುಂದೆ ತೂಕದ ಬಿಲ್ಲೆಗಳನ್ನು ಕಟ್ಟಿರಿ. ಕೊಂಡಿಯನ್ನು ನಿಗದಿಯಾದ ಜಾಗಕ್ಕಿಂತ ಮೇಲೆ ಎಂದೂ ಹಾಕಬೇಡಿ.

ಆಟ ಇದೆಯೇ?

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಬ್ರೇಕ್ ಕಚ್ಚಿಸಿ, ಮುಂದಿನ ಅಚ್ಚನ್ನು ಜಾಕ್‌ನಿಂದ ಎತ್ತಿ ಮರದ ದಿಮ್ಮಿ ಕೊಡಿರಿ. ಬರಿಯ ಜಾಕ್ ನಂಬಿ ಅಡಿಗೆ ಹೋಗಬಾರದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಆಡಿದರೆ ಕಿಂಗ್ ಪಿನ್ ಬುಷ್ ಅಥವಾ ಗುಂಬದ ಬೇರಿಂಗ್ ಸವೆದಿದೆ. ಎಡಬಲ ಹಿಡಿದಾಗ ಆಡಿದರೆ ಟೈ ರಾಡಿನ ತುದಿಗಳನ್ನು ನೋಡಿರಿ. ಅಚ್ಚನ್ನೇ ಹಿಂದೆ ಮುಂದೆ ಮೀಟಿದಾಗ ಆಡಿದರೆ ನಡುವಿನ ಪಿನ್ನಿನ ಬುಷ್ ಹೋಗಿದೆ. ಇವು ಸರಿಯಾಗದೆ ಮುಂದಿನ ಅಳತೆ ಯಾವುದೂ ನಿಲ್ಲದು.

ಅಚ್ಚು ನೇರವಾಗಿ ಕೂತಿದೆಯೇ?

ಚಕ್ರ ನೇರವಿಟ್ಟು, ಹಿಂದಿನ ಗುಂಬದ ನಡುವಿನಿಂದ ಮುಂದಿನ ಗುಂಬದ ನಡುವಿಗೆ ಎರಡು ಬದಿಯಲ್ಲೂ ಟೇಪಿನಿಂದ ಅಳೆಯಿರಿ. ಎರಡೂ ಸಮವಿರಬೇಕು. ಹೆಚ್ಚುಕಡಿಮೆ ಇದ್ದರೆ ಅಚ್ಚು ಓರೆ ಕೂತಿದೆ ಅಥವಾ ಬಾಗಿದೆ. ಟ್ರ್ಯಾಕ್ಟರು ಒಂದು ಕಡೆಗೆ ಎಳೆಯುವುದಕ್ಕೆ ಇದೂ ಕಾರಣ. ಮುಂದಿನ ಒಂದು ಟೈರಿನಲ್ಲಿ ಗಾಳಿ ಕಡಿಮೆಯಿದ್ದರೂ, ಹಿಂದಿನ ಒಂದು ಬ್ರೇಕ್ ಹಿಡಿದುಕೊಂಡಿದ್ದರೂ ಹೀಗೆಯೇ ಎಳೆಯುತ್ತದೆ. ಅವನ್ನೂ ನೋಡಿರಿ.

ಕೊನೆಗೆ ಟೋ-ಇನ್

ಮುಂದಿನ ಎರಡು ಚಕ್ರಗಳು ಮುಂಬದಿಯಲ್ಲಿ ಒಂದಕ್ಕೊಂದು ತುಸು ಹತ್ತಿರವಿರಬೇಕು. ಇದೇ ಟೋ-ಇನ್. ಸಾಮಾನ್ಯವಾಗಿ ಇದು 3ರಿಂದ 11 ಮಿ.ಮೀ. ವರೆಗೆ, ನಿಮ್ಮ ಟ್ರ್ಯಾಕ್ಟರಿನ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ.

1. ಮಟ್ಟಸ ನೆಲದಲ್ಲಿ ಟೈರುಗಳಿಗೆ ಸರಿಯಾದ ಗಾಳಿ ತುಂಬಿ, ಚಕ್ರ ನೇರವಿಡಿ.
2. ಎರಡು ಟೈರುಗಳ ಮುಂಬದಿಯಲ್ಲಿ, ಗುಂಬದ ಎತ್ತರಕ್ಕೆ, ನಡುಗೆರೆಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ ನಡುವಿನ ದೂರ ಅಳೆಯಿರಿ.
3. ಗುರುತು ಹಿಂಬದಿಗೆ ಅದೇ ಎತ್ತರಕ್ಕೆ ಬರುವವರೆಗೆ, ಅಂದರೆ ಚಕ್ರದ ಅರ್ಧ ಸುತ್ತು, ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳಿರಿ.
4. ಮತ್ತೆ ಅಳೆಯಿರಿ. ಎರಡನೆಯ ಅಳತೆಯಲ್ಲಿ ಮೊದಲನೆಯದನ್ನು ಕಳೆದರೆ ಸಿಗುವುದೇ ಟೋ-ಇನ್.
5. ವ್ಯತ್ಯಾಸವಿದ್ದರೆ ಟೈ ರಾಡಿನ ಲಾಕ್ ನಟ್ಟು ಸಡಿಲಿಸಿ ತಿರುಗಿಸಿರಿ. ಎರಡು ಟೈ ರಾಡುಗಳಿದ್ದರೆ ಎರಡನ್ನೂ ಸಮವಾಗಿ ತಿರುಗಿಸಬೇಕು. ನಟ್ಟು ಬಿಗಿದು ಇನ್ನೊಮ್ಮೆ ಅಳೆಯಿರಿ.

ಅಚ್ಚಿನ ಅಗಲ ಬದಲಿಸಿದಾಗಲೆಲ್ಲ ಟೋ-ಇನ್ ನೋಡಲೇಬೇಕು. ಎರಡು ಟೈರುಗಳ ಹೊರ ಅಂಚು ಸವೆದರೆ ಟೋ-ಇನ್ ಹೆಚ್ಚಾಗಿದೆ. ಒಳ ಅಂಚು ಸವೆದರೆ ಚಕ್ರಗಳು ಹೊರಕ್ಕೆ ತೆರೆದಿವೆ. ಒಂದೇ ಟೈರ್ ಸವೆದರೆ ಆ ಬದಿಯ ಸ್ಪಿಂಡಲ್ ಬಾಗಿದೆಯೇ ನೋಡಿಸಿರಿ.

ಎಲ್ಲ ಸರಿಯಿದ್ದೂ ತಿರುವಿನಲ್ಲಿ ಟೈರ್ ಉಜ್ಜಿದರೆ

ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕು. ಈ ಉಪಾಯವನ್ನು ಸಾರೋಟುಗಳಿಗಾಗಿ 1817ರಲ್ಲಿ ಮ್ಯೂನಿಕ್ ನಗರದ ಲಾಂಕೆನ್‌ಸ್ಪರ್ಗರ್ ಕಂಡುಹಿಡಿದನು. 1818ರಲ್ಲಿ ಲಂಡನ್ನಿನಲ್ಲಿ ಆಕರ್‌ಮನ್ ಇದಕ್ಕೆ ಪೇಟೆಂಟ್ ಪಡೆದನು. ಸ್ಟೇರಿಂಗ್ ತೋಳುಗಳ ಓರೆಯಿಂದ ಇದು ನಡೆಯುತ್ತದೆ. ಆ ಓರೆಯನ್ನು ಟ್ರ್ಯಾಕ್ಟರಿನ ಉದ್ದಕ್ಕೆ ತಕ್ಕಂತೆ ಮಾಡಿರುತ್ತಾರೆ. ಉದ್ದದಲ್ಲಿ ಬಹಳ ಬೇರೆಯಾದ ಟ್ರ್ಯಾಕ್ಟರಿನ ಅಚ್ಚು ಹಾಕಿದರೆ ನೇರ ದಾರಿಯಲ್ಲಿ ಸರಿಯಿದ್ದು ತಿರುವಿನಲ್ಲಿ ಟೈರ್ ಉಜ್ಜುತ್ತದೆ. ಟೈ ರಾಡ್ ತಿರುಗಿಸಿ ಇದನ್ನು ಸರಿಪಡಿಸಲಾಗದು. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಹೋಗುವ ಟ್ರ್ಯಾಕ್ಟರಿನಲ್ಲಂತೂ ಮುಂದಿನ ಅಚ್ಚಿನ ಹಲ್ಲುಚಕ್ರಗಳ ಲೆಕ್ಕವೂ ಟೈರಿನ ಅಳತೆಯೂ ಹಿಂದಿನದಕ್ಕೆ ಹೊಂದಲೇಬೇಕು. ಇಲ್ಲದಿದ್ದರೆ ಹಲ್ಲುಗಳೇ ಮುರಿಯಬಹುದು.

ಆದ್ದರಿಂದ ಹಳೆಯ ಅಚ್ಚು ಕೊಳ್ಳುವಾಗ ಬೆಲೆ ಕೇಳುವ ಮೊದಲು ಮಾದರಿ ಕೇಳಿರಿ. ಟೇಪು, ಸೀಮೆಸುಣ್ಣ ಮತ್ತು ಅರ್ಧ ದಿನದ ತಾಳ್ಮೆ ಇದ್ದರೆ ಅಳತೆಗಳನ್ನು ನೀವೇ ತೆಗೆಯಬಹುದು. ಬಾಗಿದ ಸ್ಪಿಂಡಲನ್ನು ಕುಲುಮೆಯಲ್ಲಿ ಕಾಯಿಸಿ ನೆಟ್ಟಗೆ ಮಾಡಿಸಬೇಡಿ, ಬೇರೆಯದನ್ನೇ ಹಾಕಿಸಿರಿ. ಕೆಸರು ಉಳುಮೆಯ ದಿನಗಳಲ್ಲಿ ಪ್ರತಿ ಸಂಜೆ ಅಚ್ಚು ತೊಳೆದು, ಹಳೆಯ ಗ್ರೀಸ್ ಹೊರಬರುವವರೆಗೆ ಹೊಸದನ್ನು ತುಂಬಿರಿ. ಹೀಗೆ ಮಾಡಿದರೆ ಬುಷ್ ಹೆಚ್ಚು ಕಾಲ ಬಾಳುತ್ತದೆ. ಅಚ್ಚು ಬದಲಿಸುವ ಖರ್ಚೂ ದೂರವಾಗುತ್ತದೆ.