ಕೆಟ್ಟು ನಿಂತ ಕಾರಿನ ಸುತ್ತ

‘ಫಿಯಟ್ ಡಿಲೈಟ್‌ಗೆ ಪೆಟ್ರೋಲ್ ಪಂಪಿನ ಡಯಾಫ್ರಾಮ್ ಬೇಕಾಗಿದೆ. ಯಾರ ಹತ್ರ ಆದ್ರೂ ಇದೆಯಾ? ಭಾನುವಾರದ ಒಳಗೆ.’

ರಾತ್ರಿ ಹನ್ನೊಂದರ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಇಂಥದ್ದೊಂದು ಸಂದೇಶ ಬಿದ್ದರೆ ಸಾಕು, ಮಲಗಿದ್ದವರೂ ಎದ್ದು ಕೂರುತ್ತಾರೆ. ಒಬ್ಬರು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯೊಂದರ ಗುರುತು ಹೇಳುತ್ತಾರೆ. ಅಲ್ಲಿ ಸಿಗುವುದು ಡೂಪ್ಲಿಕೇಟು, ಎರಡು ತಿಂಗಳೂ ಬಾಳುವುದಿಲ್ಲ ಎಂದು ಇನ್ನೊಬ್ಬರು ಎಚ್ಚರಿಸುತ್ತಾರೆ. ಮೂರನೆಯವರು ಮಾತೇ ಆಡುವುದಿಲ್ಲ. ಅಡುಗೆ ಕಟ್ಟೆಯ ಮೇಲೆ ಹಳೇ ಪೇಪರ್ ಹಾಸಿ, ಅದರ ಮೇಲೆ ಅಂಗೈಯಗಲದ ಕಪ್ಪು ಬಿಲ್ಲೆಯೊಂದನ್ನು ಇಟ್ಟು ಫೋಟೊ ಕಳಿಸುತ್ತಾರೆ. ಕೆಳಗೆ ಒಂದೇ ಸಾಲು: ‘ಬೆಳಿಗ್ಗೆ ಬಂದು ತಗೊಂಡ್ಹೋಗಿ. ದುಡ್ಡು ಬೇಡ, ತಿಂಡಿ ಕೊಡಿಸಿ.’

ಹಳೇ ಕಾರುಗಳ ಕ್ಲಬ್ಬು ಎಂದರೆ ಪತ್ರಿಕೆ ಓದುವವರ ಕಣ್ಣಿಗೆ ಬರುವ ಚಿತ್ರ ಬೇರೆ. ಫಳಫಳ ಹೊಳೆಯುವ ಕಾರುಗಳ ಸಾಲು, ಮೈಸೂರು ಪೇಟ ತೊಟ್ಟ ಮಾಲೀಕರು, ಬಾವುಟ ಬೀಸುವ ಗಣ್ಯರು. ಅದು ವರ್ಷಕ್ಕೊಮ್ಮೆಯ ಮದುವೆ ಮನೆ. ಸಂಸಾರ ನಡೆಯುವುದು ಈ ಡಯಾಫ್ರಾಮಿನಂಥ ಸಣ್ಣಪುಟ್ಟ ಸಾಮಾನಿನ ಸುತ್ತ, ಭಾನುವಾರದ ತಿಂಡಿಯ ಸುತ್ತ.

ಕಾರಣ ತೀರಾ ಲೌಕಿಕವಾದದ್ದು. ಈ ಕಾರುಗಳಿಗೆ ಇವತ್ತು ಹೇಳುವವರು ಕೇಳುವವರು ಇಲ್ಲ. ಮುಂಬೈಯ ಕುರ್ಲಾದಲ್ಲಿ ಫಿಯಟ್ 1100 ಕಾರನ್ನು, ಆಮೇಲೆ ಅದೇ ಕಾರನ್ನು ಪದ್ಮಿನಿ ಎಂಬ ಹೆಸರಿನಲ್ಲಿ ತಯಾರಿಸುತ್ತಿದ್ದ ಪ್ರೀಮಿಯರ್ ಕಂಪನಿ ಆ ಕೆಲಸ ನಿಲ್ಲಿಸಿ ಎರಡು ದಶಕ ದಾಟಿತು. 1961ರಲ್ಲಿ ಮದರಾಸಿನಿಂದ ಹೊರಟ ಸ್ಟ್ಯಾಂಡರ್ಡ್ ಹೆರಾಲ್ಡಿನ ಕಂಪನಿಯೂ ಇಲ್ಲ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಹುಟ್ಟಿದ ಅಂಬಾಸಡರು ಅರ್ಧ ಶತಮಾನಕ್ಕೂ ಮಿಕ್ಕಿ ದೇಶವನ್ನೆಲ್ಲ ಹೊತ್ತು, 2014ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ಕೊನೆಯುಸಿರೆಳೆಯಿತು. ಬೆಂಗಳೂರಿನಲ್ಲೇ ತಯಾರಾದ ಕಾರೊಂದಿತ್ತು ಎಂಬುದಂತೂ ಈಗಿನ ಬೆಂಗಳೂರಿಗರಿಗೇ ಗೊತ್ತಿಲ್ಲ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ ಸಿಪಾನಿ ಡಾಲ್ಫಿನ್ 1982ರಲ್ಲಿ ಬಂತು. ಫೈಬರ್‌ಗ್ಲಾಸಿನ ಹಗುರ ಮೈ, ರ್‍ಯಾಲಿಗಳಲ್ಲಿ ಒಳ್ಳೇ ಹೆಸರು. ಮರುವರ್ಷದ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಇನ್ನು ಇದರ ಕಡೆ ತಿರುಗಿ ನೋಡುವವರು ಯಾರು? ಎಲ್ಲಾದರೂ ಒಂದು ಡಾಲ್ಫಿನ್ ಬಂದು ನಿಂತರೆ ಜನ ‘ಇದು ಯಾವ ದೇಶದ್ದು ಸಾರ್?’ ಎಂದು ಕೇಳುತ್ತಾರೆ.

ಹೊಸ ಕಾರು ಕೆಟ್ಟರೆ ಕಂಪನಿಗೆ ಫೋನು ಮಾಡುತ್ತೀರಿ, ಲಾರಿ ಬಂದು ಹೊತ್ತೊಯ್ಯುತ್ತದೆ. ಅದೇ ಮಾಡೆಲ್ಲಿನ ಕಾರು ಇಟ್ಟುಕೊಂಡ ಪಕ್ಕದ ಬೀದಿಯವರ ಪರಿಚಯ ನಿಮಗೆ ಎಂದಿಗೂ ಆಗುವುದಿಲ್ಲ, ಆಗಬೇಕಾದ ಅಗತ್ಯವೂ ಇಲ್ಲ. ಹಳೇ ಕಾರಿನವನಿಗೆ ಆ ಸೌಭಾಗ್ಯ ಇಲ್ಲ. ಅವನಿಗೆ ಕಂಡೆನ್ಸರ್ ಬೇಕು, ಬಾಗಿಲಿನ ಬೀಡಿಂಗ್ ಬೇಕು, ಅಂಥದ್ದೇ ಕಾರು ಇರುವ ಇನ್ನೊಬ್ಬ ಮನುಷ್ಯ ಬೇಕು. ಇವರ ಸ್ನೇಹಕ್ಕೆ ಮೂಲ ಅಭಿರುಚಿ ಎಂದು ಭಾಷಣಗಳಲ್ಲಿ ಹೇಳುವುದುಂಟು. ನನಗೆ ಕಂಡಂತೆ ಮೂಲ ಅಭಾವ.

ಭಾನುವಾರ ಗುಂಪಾಗಿ ಕಾರು ಹತ್ತಿ ತಿಂಡಿಗೆ ಹೊರಡುವ ತಿಂಡಿ ಸವಾರಿಗೆ ಬರೋಣ. ಬೆಂಗಳೂರಿನಿಂದ ಹೊರಡುವವರಿಗೆ ಪ್ರಿಯವಾದದ್ದು ಮೈಸೂರು ದಾರಿ. ಎಕ್ಸ್‌ಪ್ರೆಸ್‌ವೇ ಅಲ್ಲ, ಅದರ ಪಕ್ಕದ ಹಳೇ ರಸ್ತೆ. ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳನ್ನು ಬಳಸಿಕೊಂಡು ಹೋದ ಮೇಲೆ ಊರೊಳಗಿನ ದಾರಿ ಇಂಥ ಕಾರುಗಳಿಗೆ ಹೇಳಿ ಮಾಡಿಸಿದಂತಾಗಿದೆ. ನಲವತ್ತು, ಐವತ್ತರ ವೇಗ ಸಾಕು. ಬಿಡದಿಯಲ್ಲಿ ತಟ್ಟೆ ಇಡ್ಲಿ ಅಥವಾ ಇನ್ನೂ ಮುಂದೆ ಹೋಗಿ ಮದ್ದೂರಲ್ಲಿ ವಡೆ. ಹತ್ತು ಹದಿನೈದು ಕಾರು ಒಂದರ ಹಿಂದೊಂದು ಹೋಗುವಾಗ ಸ್ಕೂಟರಿನವರು ಪಕ್ಕಕ್ಕೆ ಬಂದು ಹೆಬ್ಬೆರಳೆತ್ತುತ್ತಾರೆ. ಹಳ್ಳಿಯ ಕಡೆ ಹಿರಿಯರೊಬ್ಬರು ಅಡ್ಡಬಂದು ನಿಲ್ಲಿಸಿ, ‘ನಮ್ಮ ಸಾಹುಕಾರರ ಹತ್ರ ಇಂಥದ್ದೇ ಇತ್ತು ಸ್ವಾಮಿ’ ಎಂದು ಬಾನೆಟ್ಟಿನ ಮೇಲೆ ಕೈಯಿಟ್ಟು ಮಾತಿಗೆ ನಿಂತರೆ ಹಿಂದಿನ ಸಾಲೆಲ್ಲ ಕಾಯುತ್ತದೆ. ಯಾರೂ ಹಾರನ್ ಹೊಡೆಯುವುದಿಲ್ಲ.

ಈ ಕಾರುಗಳ ಒಳಗಿನ ರಚನೆಯೂ ಮಾತಿಗೆ ಅನುಕೂಲ. ಫಿಯಟ್ಟು, ಹಳೇ ಅಂಬಾಸಡರುಗಳಲ್ಲಿ ಗೇರಿನ ಕಡ್ಡಿ ಸ್ಟೀರಿಂಗಿನ ಪಕ್ಕದಲ್ಲೇ ಇರುವುದರಿಂದ ಮುಂದಿನ ಸೀಟು ಅಡ್ಡಡ್ಡ ಒಂದೇ ಸೋಫಾ. ಮೂವರು ಆರಾಮವಾಗಿ ಕೂರಬಹುದು, ಮಧ್ಯದವರ ಮಂಡಿಗೆ ಕಡ್ಡಿ ತಾಗುವುದಿಲ್ಲ. ಸ್ಟೀರಿಯೊ ಇಲ್ಲ, ಏಸಿ ಇಲ್ಲ, ಕಿಟಕಿ ತೆಗೆದೇ ಇರುತ್ತದೆ. ಮಾತಾಡದೆ ವಿಧಿಯಿಲ್ಲ.

ಎಲ್ಲ ಗುಂಪುಗಳಲ್ಲೂ ಅಲಿಖಿತವಾಗಿ ನಡೆದುಕೊಂಡು ಬಂದಿರುವ ಒಂದು ಕಟ್ಟಳೆಯಿದೆ. ಹೊರಟವರೆಲ್ಲ ಮುಟ್ಟುವ ತನಕ ಯಾರೂ ತಿಂಡಿಗೆ ಕೂರುವಂತಿಲ್ಲ. ಸಾಲಿನ ಕೊನೆಗೆ ಟೂಲ್ಸು, ಟೋ ಹಗ್ಗ, ನೀರಿನ ಕ್ಯಾನು ತುಂಬಿದ ಒಂದು ಜೀಪೋ ಹೊಸ ಕಾರೋ ಬರುತ್ತಿರುತ್ತದೆ. ಮೆಕ್ಯಾನಿಕ್ಕು ಇರುವುದು ಅದರಲ್ಲೇ.

ನಂದಿ ಬೆಟ್ಟದ ತಿರುವೊಂದರಲ್ಲಿ ನಾನು ಕಂಡದ್ದನ್ನು ಹೇಳಬೇಕು. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದ ಬೆಟ್ಟ, ಫಸ್ಟ್ ಗೇರು ಸೆಕೆಂಡ್ ಗೇರಿನ ಏರು. ಎಂಜಿನ್ನು ಜೋರಾಗಿ ತಿರುಗುತ್ತದೆ, ಕಾರು ಮಾತ್ರ ನಿಧಾನ, ರೇಡಿಯೇಟರಿಗೆ ಸಾಕಷ್ಟು ಗಾಳಿ ಇಲ್ಲ. ಬೂದು ಬಣ್ಣದ ಫಿಯಟ್ ಒಂದು ಸಲ ಕೆಮ್ಮಿ, ಮುಗ್ಗರಿಸಿ ನಿಂತೇಬಿಟ್ಟಿತು. ಓಡಿಸುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದವರು. ಮುಖ ಸಪ್ಪಗೆ ಮಾಡಿಕೊಂಡು ಇಳಿದರು. ಹಿಂದಿದ್ದ ಕಾರುಗಳಿಂದ ಐದಾರು ಜನ ಇಳಿದು ಬಂದರು. ಹಿಂದಿನ ಚಕ್ರಕ್ಕೆ ಯಾರೋ ಕಲ್ಲು ಕೊಟ್ಟರು. ಬಾನೆಟ್ ಎತ್ತಿದ್ದೇ ವಾದ ಶುರು. ಒಬ್ಬರಿಗೆ ಪಾಯಿಂಟ್ ಸುಟ್ಟಿದೆ ಎಂಬ ಅನುಮಾನ, ಇನ್ನೊಬ್ಬರಿಗೆ ಕಾಯಿಲ್ ಮೇಲೆ. ಇಪ್ಪತ್ತೈದರ ಒಬ್ಬ ಐಟಿ ಹುಡುಗ ಯೂಟ್ಯೂಬ್ ತೆಗೆಯಲು ಹೋದ, ಸಿಗ್ನಲ್ ಇರಲಿಲ್ಲ.

ಅಷ್ಟರಲ್ಲಿ ಹಿಂದಿನ ಜೀಪು ಬಂತು. ಎಲ್ಲರೂ ‘ಬಾಯ್’ ಎಂದೇ ಕರೆಯುವ ಮೇಸ್ತ್ರಿ ಇಳಿದರು. ವಯಸ್ಸು ಎಪ್ಪತ್ತರ ಆಸುಪಾಸು, ತೋಳು ಮಡಚಿದ ಬಿಳಿ ಶರ್ಟು. ಯಾರ ಮಾತನ್ನೂ ಕೇಳದೆ ಕಾರ್ಬ್ಯುರೇಟರಿಗೆ ಹೋಗುವ ಪೈಪು ಬಿಚ್ಚಿ, ‘ಸೆಲ್ಫ್ ಹೊಡೀರಿ’ ಅಂದರು. ಪೈಪಿನ ಬಾಯಿಂದ ಪೆಟ್ರೋಲ್ ಬರಲಿಲ್ಲ, ಗುಳ್ಳೆ ಬಂತು. ‘ಏರ್‌ಲಾಕ್. ಪಂಪಿಗೆ ಜ್ವರ ಬಂದಿದೆ.’

ಈ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಎಂಜಿನ್ ಕಾದರೆ ಪಂಪೂ ಕಾಯುತ್ತದೆ, ಒಳಗಿನ ಪೆಟ್ರೋಲು ಆವಿಯಾಗುತ್ತದೆ. ಎಣ್ಣೆಯನ್ನು ಎಳೆಯುವ ಪಂಪಿಗೆ ಆವಿಯನ್ನು ಎಳೆಯುವ ತಾಕತ್ತಿಲ್ಲ. ಮದ್ದು ಅಜ್ಜನ ಕಾಲದ್ದು, ಪಂಪಿಗೆ ಒದ್ದೆ ಬಟ್ಟೆ. ಬ್ಯಾಂಕಿನವರ ಶ್ರೀಮತಿ ತಮ್ಮ ಬ್ಯಾಗಿನಿಂದ ಟವೆಲ್ಲು ತೆಗೆದುಕೊಟ್ಟರು. ನೀರಲ್ಲಿ ಅದ್ದಿ, ಹಿಂಡಿ, ಪಂಪಿಗೆ ಸುತ್ತಿದರೆ ‘ಚುಂಯ್’ ಎಂದು ಹಬೆ ಎದ್ದಿತು. ಅದು ತಣಿಯುವ ತನಕ ಮಾಡಲು ಏನೂ ಇಲ್ಲ. ಫ್ಲಾಸ್ಕು ತೆರೆಯಿತು, ಕೋಡುಬಳೆಯ ಡಬ್ಬಿ ಕೈಯಿಂದ ಕೈಗೆ ಹೋಯಿತು. ಆ ಐಟಿ ಹುಡುಗನಿಗೆ ಮನೆ ಬಾಡಿಗೆಗೆ ಬೇಕಿತ್ತು, ಇನ್ನೊಬ್ಬರ ಮಹಡಿ ಖಾಲಿಯಿತ್ತು. ಆ ಮಾತೂ ಅಲ್ಲೇ ಮುಗಿಯಿತು. ಕಾರು ಇನ್ನು ಏಳುವುದೇ ಇಲ್ಲ ಅನ್ನುವಷ್ಟರಲ್ಲಿ ಎರಡನೇ ಸಲದ ಸೆಲ್ಫಿಗೆ ಎದ್ದಿತು. ಕೆಡದ ಕಾರುಗಳಲ್ಲೇ ಅಷ್ಟೂ ಜನ ಹೋಗಿದ್ದರೆ ಬೆಟ್ಟದ ಮೇಲೆ ಸೆಲ್ಫಿ ತೆಗೆದುಕೊಂಡು ವಾಪಸಾಗುತ್ತಿದ್ದರು.

ಇಂಥ ಮೇಸ್ತ್ರಿಗಳು ಕ್ಲಬ್ಬುಗಳ ಸದಸ್ಯರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇದು ನನಗೆ ಸರಿಯೆನಿಸಿಲ್ಲ. ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗಾನಿಸಿ, ಅದರ ತುದಿಯನ್ನು ಎಂಜಿನ್ನಿನ ಮೇಲಿಟ್ಟು ಯಾವ ಟ್ಯಾಪೆಟ್ ಸಡಿಲವಾಗಿದೆ ಎಂದು ಹೇಳಬಲ್ಲವರು ಇನ್ನು ಎಷ್ಟು ಜನ ಉಳಿದಿದ್ದಾರೆ? ಅವರ ಮಕ್ಕಳು ಸ್ಕ್ಯಾನರ್ ಹಿಡಿದು ಹೊಸ ಕಾರು ನೋಡುತ್ತಾರೆ, ತಪ್ಪೇನಿಲ್ಲ. ಟ್ರೋಫಿ ಮಾತ್ರ ಮಾಲೀಕರ ಕೈಗೇ ಹೋಗುತ್ತದೆ.

ಕಾರಿನ ಕ್ಲಬ್ಬು ಶ್ರೀಮಂತರ ಆಟ ಎಂಬ ಮಾತಿನಲ್ಲಿ ನಿಜವಿಲ್ಲದೆ ಇಲ್ಲ. ಅರಸರ ಕಾಲದ ರೋಲ್ಸ್‌ರಾಯ್ಸ್ ಇಟ್ಟುಕೊಂಡವರು ಅದನ್ನು ಲಾರಿಯಲ್ಲಿ ಹೇರಿಕೊಂಡು ತಂದು, ಇಳಿಸಿ, ಒರೆಸಿ, ಮತ್ತೆ ಹೇರಿಕೊಂಡು ಹೋಗುತ್ತಾರೆ. ಅಂಥವುಗಳ ಅಂದ ನೋಡಬೇಕೆಂದರೆ ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಬಹುದು. ಅಲ್ಲಿ ಜನಸಾಮಾನ್ಯರೂ ಹತ್ತಿರ ನಿಂತು ನೋಡಬಹುದು. ತಿಂಡಿ ಸವಾರಿಯಲ್ಲಿ ಹೆಚ್ಚಾಗಿ ಕಾಣುವವರು ಅಪ್ಪನ ಕಾರನ್ನು ಮಾರಲು ಮನಸ್ಸಾಗದೆ ಇಟ್ಟುಕೊಂಡವರು. ಎಂ.ವೈ. ಅಕ್ಷರಗಳಿಂದ ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಪ್ಲೇಟು ಇದ್ದರಂತೂ ಅದರ ಮೇಲೆ ಕಾರಿಗಿಂತ ಹೆಚ್ಚು ಪ್ರೀತಿ. ಕೆ.ಎ. ಬಂದದ್ದು 1989ರಲ್ಲಿ, ಹಾಗಾಗಿ ಪ್ಲೇಟು ನೋಡಿದರೇ ಕಾರಿನ ತಲೆಮಾರು ತಿಳಿಯುತ್ತದೆ. ಹೆಂಗಸರು ಈ ಗುಂಪುಗಳಲ್ಲಿ ಬಹುಕಾಲ ಫ್ಲಾಸ್ಕು ಹಿಡಿದು ಪಕ್ಕದ ಸೀಟಿನಲ್ಲೇ ಕೂತಿದ್ದರು. ಈಗ ಅಪ್ಪನ ಹೆರಾಲ್ಡನ್ನು ತಾನೇ ಓಡಿಸಿಕೊಂಡು ಬರುವ ಮಗಳನ್ನೂ ನೋಡುತ್ತೇವೆ, ಅಪರೂಪಕ್ಕೆ.

ಹಳೇ ಕಾರು ಹತ್ತಿ ಗುಂಪಾಗಿ ಹೊರಡುವ ಖಯಾಲಿಯ ತವರು ಇಂಗ್ಲೆಂಡು. ಕಾರಿನ ಮುಂದೆ ಒಬ್ಬ ಆಳು ನಡೆದು ಹೋಗಬೇಕೆಂಬ ಕಾನೂನು ರದ್ದಾದ ಸಂಭ್ರಮಕ್ಕೆ 1896ರ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್ನಿಗೆ ಒಂದು ಸವಾರಿ ಹೊರಟಿತ್ತು. 1927ರಲ್ಲಿ ಅದನ್ನು ನೆನೆದು ಮತ್ತೆ ಶುರುಮಾಡಿದರು. ಇಂದಿಗೂ ನವೆಂಬರಿನ ಮೊದಲ ಭಾನುವಾರ 1905ಕ್ಕಿಂತ ಹಿಂದಿನ ಬಂಡಿಗಳು ಆ ದಾರಿಯಲ್ಲಿ ಹೊಗೆಯುಗುಳುತ್ತ ಹೋಗುತ್ತವೆ. ಆ ಸವಾರಿಯಿಂದ ಹಿಂತಿರುಗುವಾಗ ಇಬ್ಬರು ಗೆಳೆಯರು ಪಂತ ಕಟ್ಟಿ ಜಗಳಾಡುವ ‘ಜೆನೆವೀವ್’ ಎಂಬ ಸಿನಿಮಾ 1953ರಲ್ಲಿ ಬಂದ ಮೇಲೆ ಹಳೇ ಕಾರಿನ ಹುಚ್ಚು ಇನ್ನಷ್ಟು ಹಬ್ಬಿತು. ನಮ್ಮಲ್ಲಿ ದಿಲ್ಲಿಯ ‘ಸ್ಟೇಟ್ಸ್‌ಮನ್’ ಪತ್ರಿಕೆ ತನ್ನ ರ್‍ಯಾಲಿ ಆರಂಭಿಸಿದ್ದು 1964ರಲ್ಲಿ.

ಈಚೆಗೆ ತಿಂಡಿ ಮೇಜಿನ ಮಾತು ಬಹುಪಾಲು ಸರ್ಕಾರದ ಸುತ್ತ ತಿರುಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಐವತ್ತು ವರ್ಷ ಮೀರಿದ, ಮೂಲರೂಪ ಕೆಡಿಸದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ತಂದಿತು. ಹೊಸದಾಗಿ ನೋಂದಾಯಿಸಲು ₹20,000, ಹತ್ತು ವರ್ಷದ ನಂತರದ ನವೀಕರಣಕ್ಕೆ ₹5,000. ಮೊದಲೇ ನೋಂದಣಿಯಾದ ಕಾರಿಗೆ ಹಳೇ ನಂಬರೇ ಉಳಿಯುತ್ತದೆ ಎಂಬುದು ಎಲ್ಲರಿಗೂ ಸಮಾಧಾನ. ಆದರೆ ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸಲು ಇಂಥದ್ದಕ್ಕಷ್ಟೇ ರಸ್ತೆಗೆ ಇಳಿಸಬೇಕು. ಅದಕ್ಕೇ ಕೆಲವರು ಆ ತಂಟೆಗೆ ಹೋಗದೆ ಮಾಮೂಲಿ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳುತ್ತಾರೆ. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ ₹600ರಿಂದ ₹5,000ಕ್ಕೆ ಏರಿತು. ಬಂಕುಗಳಲ್ಲಿ ಈಗ ಸಿಗುವ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನ ಚಿಂತೆ ಬೇರೆ. ಎಥೆನಾಲು ಹಳೇ ರಬ್ಬರ್ ಪೈಪು, ವಾಷರುಗಳನ್ನು ತಿನ್ನುತ್ತದೆ, ನೀರನ್ನು ಹೀರಿಕೊಂಡು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಹೀಗಾಗಿ ಪೈಪುಗಳನ್ನು ಸಗಟಾಗಿ ತರಿಸಿ ಹಂಚಿಕೊಳ್ಳುವುದು ಈಗ ಒಂದು ಹೊಸ ಕೆಲಸ.

ಜಗಳಗಳೂ ಇವೆ. ಹಳೇ ಡೈನಮೋ ಕಿತ್ತು ಆಲ್ಟರ್ನೇಟರ್ ಹಾಕಿಸಿದರೆ ಅದು ಮೂಲ ಕಾರೇ ಎಂಬುದು ಬಗೆಹರಿಯದ ವಾದ. ಶುದ್ಧವಾದಿಗಳು ನಟ್ಟು ಬೋಲ್ಟಿನ ಬಣ್ಣವನ್ನೂ ಬಿಡುವುದಿಲ್ಲ. ನಾನು ಓಡಿಸುವವರ ಪಕ್ಷ.

ಸೇರಬೇಕೆನ್ನುವವರಿಗೆ ಕಾರು ಇರಲೇಬೇಕೆಂದಿಲ್ಲ. ಬಹುತೇಕ ಗುಂಪುಗಳು ಆಸಕ್ತರನ್ನು ಯಾರದಾದರೂ ಹಿಂದಿನ ಸೀಟಿಗೆ ಹತ್ತಿಸಿಕೊಳ್ಳುತ್ತವೆ. ನಾಲ್ಕಾರು ಭಾನುವಾರ ಹೀಗೆ ಸುತ್ತಿ, ಬೇಕಿದ್ದರೆ ಎರಡು ಸಲ ತಳ್ಳಿ, ಆಮೇಲೆ ಕೊಳ್ಳುವ ಯೋಚನೆ ಮಾಡುವುದು ಒಳ್ಳೆಯದು. ಕೊಳ್ಳುವಾಗ ಹೊರಗಿನ ಹೊಳಪಿಗೆ ಮರುಳಾಗದೆ, ಕಾಲಿಡುವ ಜಾಗದ ಮ್ಯಾಟ್ ಎತ್ತಿ ತಗಡು ಒತ್ತಿ ನೋಡಿ. ಆರ್‌ಸಿ ಬುಕ್ಕಿನ ಚಾಸಿಸ್ ನಂಬರು, ಕಾರಿನ ಮೇಲಿನ ನಂಬರು ಎರಡೂ ತಾಳೆಯಾಗುವ ತನಕ ಅಡ್ವಾನ್ಸ್ ಕೊಡಬೇಡಿ. ಹೋಗುವಾಗ ಗುಂಪಿನ ಒಬ್ಬರನ್ನು ಕರೆದುಕೊಂಡು ಹೋಗಿ. ಕೇಳಿದರೆ ಬರುವುದಿಲ್ಲ ಅನ್ನುವವರು ಅಲ್ಲಿ ಯಾರೂ ಇಲ್ಲ.